ತಂತಿಗೆ ತಕ್ಕ ಫ್ಯೂಸ್

ನಮ್ಮ ತೋಟದ ಜೀಪಿಗೆ ಎರಡು ಫಾಗ್ ಲ್ಯಾಂಪ್ ಹಾಕಿಸಿದ್ದೆವು. ಮಳೆಗಾಲದ ಒಂದು ಸಂಜೆ ಅದರ ಫ್ಯೂಸ್ ಹೋಯಿತು. ಕೈಗೆ ಸಿಕ್ಕಿದ್ದು ಹಸಿರು ಬಣ್ಣದ್ದು. ಅದನ್ನೇ ಸಿಕ್ಕಿಸಿದೆವು, ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಸುಟ್ಟ ವಾಸನೆ! ಬ್ಯಾಟರಿ ವೈರ್ ಕಿತ್ತು ನೋಡಿದರೆ ದೀಪದ ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿತ್ತು. ಫ್ಯೂಸ್ ಮಾತ್ರ ಗಟ್ಟಿಯಾಗಿತ್ತು.

ಹಸಿರು ಅಂದರೆ 30 ಆಂಪ್. ನಮ್ಮ ತಂತಿಗೆ ಅಷ್ಟು ತಡೆಯುವ ಶಕ್ತಿ ಇರಲಿಲ್ಲ. ಫ್ಯೂಸ್ ಇರುವುದು ದೀಪವನ್ನು ಕಾಯಲು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಕಾಯುವುದು ತಂತಿಯನ್ನು. ಇದೊಂದು ತಲೆಯಲ್ಲಿದ್ದರೆ ಉಳಿದ ಲೆಕ್ಕ ಸುಲಭ.

ಮೊದಲು ಎಷ್ಟು ಕರೆಂಟ್ ಹರಿಯುತ್ತದೆ ನೋಡಿ. ವ್ಯಾಟ್ ಅನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 55 ವ್ಯಾಟ್‌ನ ಎರಡು ದೀಪ ಸೇರಿ 110 ವ್ಯಾಟ್. 12 ವೋಲ್ಟ್‌ನಲ್ಲಿ ಸುಮಾರು 9.2 ಆಂಪ್. ಗಂಟೆಗಟ್ಟಲೆ ಉರಿಯುವ ಹೊರೆಯನ್ನು ಫ್ಯೂಸಿನ ಶೇ 80ರ ಒಳಗೇ ಇಡಬೇಕು. 9.2 ಅನ್ನು 0.8ರಿಂದ ಭಾಗಿಸಿದರೆ 11.5. ಅದಕ್ಕಿಂತ ಮೇಲೆ ಸುಲಭವಾಗಿ ಸಿಗುವುದು 15 ಆಂಪ್, ನೀಲಿ ಬಣ್ಣದ್ದು.

ಈಗ ತಂತಿ ನೋಡಿ. ಒಳ್ಳೆಯ ತಾಮ್ರದ ತಂತಿಗೆ ನಾನು ಇಟ್ಟುಕೊಂಡಿರುವ ಮಿತಿ ಹೀಗೆ: 1 ಚದರ ಮಿ.ಮೀ. ದಪ್ಪದ ತಂತಿಗೆ 7.5 ಆಂಪ್, 1.5ಕ್ಕೆ 10, 2.5ಕ್ಕೆ 15, 4ಕ್ಕೆ 20. ಎಂಜಿನ್ ಬಿಸಿಯಲ್ಲಿ, ಕಟ್ಟಾಗಿ ಸುತ್ತಿದ ತಂತಿಗಳ ನಡುವೆ ಹೋಗಬೇಕಲ್ವಾ, ಅದಕ್ಕೇ ಸ್ವಲ್ಪ ಬಿಗಿಯಾಗಿಯೇ ಹಿಡಿದಿದ್ದೇನೆ. 15 ಆಂಪ್ ಫ್ಯೂಸ್ ಬೇಕೆಂದರೆ 2.5ರ ತಂತಿಯನ್ನೇ ಎಳೆಯಿರಿ. ಹಳೆಯ ತಂತಿ ಸಣ್ಣದಿದ್ದರೆ ತಂತಿ ಬದಲಿಸಿ, ಫ್ಯೂಸ್ ಏರಿಸಬೇಡಿ. ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ ಇರಬಹುದು, ಬೇಡ.

ಗಾಡಿಗಳಲ್ಲಿ ಸಿಕ್ಕಿಸುವ ಈ ಚಪ್ಪಟೆ ಕಾಲಿನ ಫ್ಯೂಸಿಗೆ ಬ್ಲೇಡ್ ಫ್ಯೂಸ್ ಅನ್ನುತ್ತಾರೆ. ಅದರ ಬಣ್ಣಗಳು ನೆನಪಿರಲಿ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಆದರೂ ತಲೆಯ ಮೇಲಿನ ಅಂಕಿಯನ್ನೂ ಓದಿ.

ಅಂಕಿ ದಾಟಿದ ತಕ್ಷಣ ಫ್ಯೂಸ್ ಹಾರಿಬಿಡುತ್ತದೆ ಅಂದುಕೊಳ್ಳಬೇಡಿ. 15 ಆಂಪ್‌ನದು 16.5 ಆಂಪ್ ಹರಿದರೂ 100 ಗಂಟೆ ತಡೆಯುವಂತೆಯೇ ಮಾಡಿರುತ್ತಾರೆ. 30 ಆಂಪ್ ಹರಿದರೆ ಮಾತ್ರ ಐದು ಸೆಕೆಂಡಿನೊಳಗೆ ಹೋಗಬೇಕು. ಪಂಪ್, ಫ್ರಿಜ್ ಶುರುವಾಗುವಾಗಿನ ಚಿಕ್ಕ ಎಳೆತವನ್ನು ಅದು ಸಹಿಸುವುದು ಇದರಿಂದಲೇ. ತಂತಿಯ ಮಿತಿಯನ್ನು ಬಿಗಿಯಾಗಿ ಹಿಡಿಯಬೇಕು ಅನ್ನುವುದೂ ಇದಕ್ಕೇ.

ಇನ್ನು ಎಲ್ಲಿ ಹಾಕುವುದು? ಬ್ಯಾಟರಿಯ ಪ್ಲಸ್ ಬದಿಯಲ್ಲಿ, ಆದಷ್ಟು ಹತ್ತಿರ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ತುಂಡು ತಂತಿಯನ್ನು ಆ ಫ್ಯೂಸ್ ಕಾಯುವುದಿಲ್ಲ. ತೋಟದ ಮನೆಯ ಸೋಲಾರ್‌ಗೂ ಇದೇ ಮಾತು: ದೀಪ, ಫ್ಯಾನ್, ಪಂಪ್ ಒಂದೊಂದಕ್ಕೂ ಬೇರೆ ಫ್ಯೂಸ್ ಇರಲಿ, ಬ್ಯಾಟರಿಯ ಬಾಯಲ್ಲಿ ದೊಡ್ಡದೊಂದು ಇರಲಿ. ಆ ದೊಡ್ಡದು ಬ್ಲೇಡ್ ಫ್ಯೂಸ್ ಆಗುವುದು ಬೇಡ, ಅದರಲ್ಲೂ ಲಿಥಿಯಂ ಬ್ಯಾಟರಿಗೆ. ಶಾರ್ಟ್ ಆದರೆ ಲಿಥಿಯಂನಿಂದ ನುಗ್ಗುವ ಕರೆಂಟನ್ನು ಬ್ಲೇಡ್ ಫ್ಯೂಸ್ ಕಡಿಯಲಾರದೇ ಹೋಗಬಹುದು. ಅದಕ್ಕೆಂದೇ ಬರುವ ಕ್ಲಾಸ್ ಟಿ ಫ್ಯೂಸ್ ಕೇಳಿ ತನ್ನಿ.

ಸಾಮಾನ್ಯ ಬ್ಲೇಡ್ ಫ್ಯೂಸಿನ ಮಿತಿ 32 ವೋಲ್ಟ್. 12, 24ಕ್ಕೆ ಸರಿ, 48ಕ್ಕೆ ಖಂಡಿತ ಬೇಡ. ಒಳಗಿನ ಎಳೆ ಕರಗಿದರೂ ಕಿಡಿ ಆರದೆ ಉರಿಯುತ್ತಲೇ ಇರಬಹುದು.

ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ತೇವಕ್ಕೆ ಹೋಲ್ಡರ್ ಹಸಿರುಗಟ್ಟುತ್ತದೆ, ಹಿಡಿತ ಸಡಿಲವಾಗಿ ಬಿಸಿಯಾಗುತ್ತದೆ. ಮುಚ್ಚಳ, ರಬ್ಬರ್ ಸೀಲ್ ಇರುವ ಹೋಲ್ಡರನ್ನೇ ಕೊಳ್ಳಿ. ಅದೇ ಅಂಕಿಯ ಎರಡು ಫ್ಯೂಸ್ ಪಕ್ಕದಲ್ಲೇ ಟೇಪ್ ಸುತ್ತಿ ಇಡಿ. ಹಾಗಿದ್ದರೆ ಕತ್ತಲೆಯಲ್ಲಿ ಕೈ ಹಸಿರಿನ ಕಡೆ ಹೋಗುವುದಿಲ್ಲ.