ಹಂದಿ ರೂಪಾಯಿ ಮತ್ತು ಗ್ರೇಡ್: ನಾನು ನೋಡಲು ಕಲಿತದ್ದು ಹೀಗೆ

ನಾನು ಕೂಡಿಸುವುದು ಹೆಚ್ಚಾಗಿ ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಗಳನ್ನು. ತೂಕ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ವರ್ಷ ಒಂದೇ, ಟಂಕಸಾಲೆ ಒಂದೇ ಇದ್ದರೂ ಒಂದು ನಾಣ್ಯಕ್ಕೆ ಬೆಳ್ಳಿ ರೇಟಿಗಿಂತ ಸ್ವಲ್ಪ ಜಾಸ್ತಿ ಕೇಳುತ್ತಾರೆ, ಪಕ್ಕದ್ದಕ್ಕೆ ಅದರ ಹಲವು ಪಟ್ಟು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ತಿಳಿಯದೆ ದುಡ್ಡು ಕೊಡಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಗ್ರೇಡ್, ಅಂದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅನ್ನುವುದನ್ನು ನೋಡಲು ಕಲಿಯಲು ಕೂತೆ.

ಕಲಿಯಲು ದುಬಾರಿ ನಾಣ್ಯ ಬೇಕಿಲ್ಲ. 1917, 1918ರ ರೂಪಾಯಿಗಳು ಸುಲಭವಾಗಿ ಸಿಗುತ್ತವೆ. ಪೂರ್ತಿ ಸವೆದದ್ದು, ಅರ್ಧ ಸವೆದದ್ದು, ಹೊಸದರಂತೆ ಇರುವುದು, ಹೀಗೆ ಬೇರೆ ಬೇರೆ ಸ್ಥಿತಿಯವನ್ನು ಕೊಂಡು ಸಾಲಾಗಿ ಇಟ್ಟೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಮೇಜಿನ ಮೇಲೆ ಒಂದು ಬಲ್ಬ್ ಮಾತ್ರ ಹಚ್ಚಿದೆ. ಟ್ಯೂಬ್‌ಲೈಟಿನ ಬೆಳಕು ಹರಡಿಕೊಂಡು ಬೀಳುವುದರಿಂದ ಸಣ್ಣ ಗೀರು, ಸಣ್ಣ ಸವೆತ ಮರೆಯಾಗಿಬಿಡುತ್ತವೆ. ಕೆಳಗೊಂದು ಮೆತ್ತನೆಯ ಬಟ್ಟೆ, ಕೈಯಲ್ಲೊಂದು ಭೂತಗನ್ನಡಿ. ನಾಣ್ಯವನ್ನು ಹಿಡಿಯುವುದು ಅಂಚಿನಲ್ಲಿ ಮಾತ್ರ.

ಹಾಗೆ ಹಿಡಿದು ನಿಧಾನಕ್ಕೆ ಓರೆ ಮಾಡಬೇಕು. ಚಲಾವಣೆಗೆ ಹೋಗದ ನಾಣ್ಯದಲ್ಲಿ ಬೆಳಕಿನ ಪಟ್ಟಿಯೊಂದು ಎಲ್ಲೂ ತಡೆಯದೆ ಸುತ್ತು ಹಾಕುತ್ತದೆ. ಕೈಯಿಂದ ಕೈಗೆ ಹೋದದ್ದರಲ್ಲಿ ಆ ಪಟ್ಟಿ ಎತ್ತರದ ಜಾಗಗಳಲ್ಲಿ ಮುರಿಯುತ್ತದೆ. ಈ ರೂಪಾಯಿಯಲ್ಲಿ ನಾನು ಮೊದಲು ನೋಡುವುದು ರಾಜನ ಕಿವಿ, ಕಿರೀಟದ ಉಬ್ಬು, ಗಡ್ಡ, ಆಮೇಲೆ ನಿಲುವಂಗಿಯ ಕಸೂತಿ. ಅಲ್ಲಿ ಬೂದು ಬಣ್ಣದ ಮಂಕು ಮಚ್ಚೆ ಕಂಡರೆ ಸವೆತ ಶುರುವಾಗಿದೆ ಎಂದರ್ಥ. ಒಂದು ವಿಷಯದಲ್ಲಿ ಮಾತ್ರ ತುಂಬ ಹುಷಾರಾಗಿರಬೇಕು. ಅಚ್ಚು ಸರಿಯಾಗಿ ಒತ್ತದ ನಾಣ್ಯದಲ್ಲೂ ಕಿವಿಯ ಗೆರೆ ಅಳಿಸಿದಂತೆ ಇರುತ್ತದೆ. ಆದರೆ ಅಲ್ಲಿ ಹೊಳಪು ಹೋಗಿರುವುದಿಲ್ಲ. ಗೆರೆ ಇಲ್ಲ, ಹೊಳಪು ಇದೆ ಎಂದರೆ ಅದು ಟಂಕಸಾಲೆಯ ಕೊರತೆ, ಸವೆತ ಅಲ್ಲ. ಬೆಲೆಯ ಮಾತು ಬಂದಾಗ ಇವೆರಡೂ ಬೇರೆ ಬೇರೆ.

ಇನ್ನು ಅಂಕಿಗಳು. ಇವತ್ತು ಬಳಕೆಯಲ್ಲಿರುವ 1ರಿಂದ 70ರ ಅಳತೆಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ ಮಾಡಿದ್ದರು. 70 ಅಂಕದ ನಾಣ್ಯ 1 ಅಂಕದ ನಾಣ್ಯದ 70 ಪಟ್ಟು ಬಾಳಬೇಕು ಅನ್ನುವುದು ಅವರ ಲೆಕ್ಕ. ಈಗ ಬೆಲೆ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ. 20ರಿಂದ 30ಕ್ಕೆ ಹೋದರೆ ಸಾಮಾನ್ಯ ವರ್ಷದ ರೂಪಾಯಿಯ ಬೆಲೆ ಅಷ್ಟೇನೂ ಅಲುಗಾಡುವುದಿಲ್ಲ, ಯಾಕೆಂದರೆ ಎರಡಕ್ಕೂ ಬೆಳ್ಳಿಯ ಬೆಲೆಯೇ ಆಧಾರ. 63ರಿಂದ 65ಕ್ಕೆ ಹೋದರೆ ಜಿಗಿಯುತ್ತದೆ. ಅಷ್ಟು ಚೆನ್ನಾಗಿ ಉಳಿದವು ಕಡಿಮೆ, ಬೇಕೆನ್ನುವವರು ಜಾಸ್ತಿ, ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 58 ಮತ್ತು 60ರ ನಡುವಿನ ಗಡಿ. 58 ಎಂದರೆ ಎತ್ತರದ ಒಂದೆರಡು ಕಡೆ ಎಳ್ಳಷ್ಟು ಸವೆತ. 60 ಎಂದರೆ ಸವೆತವೇ ಇಲ್ಲ, ಆದರೆ ಟಂಕಸಾಲೆಯ ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಮೈತುಂಬಾ ಪೆಟ್ಟಿನ ಗುರುತು ಇರಬಹುದು. ಕಣ್ಣಿಗೆ 58 ಎಷ್ಟೋ ಸಲ ಚೆಂದ. ಬೆಲೆ ಪಟ್ಟಿಯಲ್ಲಿ ಸಾಮಾನ್ಯವಾಗಿ 60 ಮೇಲಿರುತ್ತದೆ. ನಾನಂತೂ 58ನ್ನೇ ಆರಿಸುತ್ತೇನೆ.

1911ರ ರೂಪಾಯಿಯಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ರಾಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೋಟಾಗಿ, ಅದು ಹಂದಿಯಂತೆ ಕಂಡು ಗಲಾಟೆಯಾಯಿತು. 1912ರಲ್ಲಿ ಅಚ್ಚು ತಿದ್ದಿದರು. ಹಂದಿ ರೂಪಾಯಿ ಅನ್ನುವ ಹೆಸರು ಬಂದದ್ದು ಹೀಗೆ. ಕೊಳ್ಳುವವರಿಗೆ ಬೇಕಿರುವುದೇ ಆ ಪ್ರಾಣಿ. ಅದೋ ಬಲು ಚಿಕ್ಕದು, ಸ್ವಲ್ಪ ಸವೆದರೂ ಆನೆಯೂ ಅಲ್ಲ, ಹಂದಿಯೂ ಅಲ್ಲ, ಬರೀ ಒಂದು ಉಬ್ಬು. ಬೇರೆ ವರ್ಷದ ರೂಪಾಯಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಷ್ಟು ಸವೆತ ಇಲ್ಲಿ ಬೆಲೆಯನ್ನು ಎಳೆದುಹಾಕುತ್ತದೆ.

ನಮ್ಮ ಕಡೆಯ ಮನೆಗಳಿಂದ ಬರುವ ನಾಣ್ಯಗಳಲ್ಲಿ ಸವೆತಕ್ಕಿಂತ ದೊಡ್ಡ ತೊಂದರೆ ತಿಕ್ಕಿ ತೊಳೆದದ್ದು. ವರಮಹಾಲಕ್ಷ್ಮಿ ಹಬ್ಬಕ್ಕೆ ಹುಣಸೆಹಣ್ಣು, ವಿಭೂತಿ ಹಾಕಿ ಫಳಫಳ ಮಾಡಿರುತ್ತಾರೆ. ಪೂಜೆಗೆ ಅದು ಸರಿಯೇ. ಆದರೆ ಬಲ್ಬಿನ ಕೆಳಗೆ ಹಿಡಿದರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ, ಬೆಳಕಿನ ಪಟ್ಟಿ ಸುತ್ತುವುದೇ ಇಲ್ಲ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ಅಂಚನ್ನೂ ನೋಡಬೇಕು. ಕೊಂಡಿ ಕಿತ್ತು ಅರ ಹಾಕಿದ ಜಾಗದಲ್ಲಿ ಅಂಚಿನ ಸಣ್ಣ ಗೆರೆಗಳು ಇರುವುದಿಲ್ಲ. ಇಂಥ ನಾಣ್ಯಕ್ಕೆ ಗ್ರೇಡಿಂಗ್ ಕಂಪನಿಗಳು, ಅಂದರೆ ನಾಣ್ಯ ಪರೀಕ್ಷಿಸಿ ಅಂಕಿ ಹಾಕಿಕೊಡುವವರು, ಮಾಮೂಲಿ ಅಂಕಿ ಕೊಡುವುದಿಲ್ಲ, ದೋಷವನ್ನೇ ಚೀಟಿಯಲ್ಲಿ ಬರೆಯುತ್ತವೆ. ಅಕ್ಕಪಕ್ಕದವರು ತೋರಿಸಲು ತಂದಾಗ ನಾನು ಮೊದಲು ಹೇಳುವುದು ಒಂದೇ: ಇನ್ನು ಮುಂದೆ ಇದನ್ನು ತಿಕ್ಕಬೇಡಿ, ಕಪ್ಪಾಗಿದ್ದರೂ ಇರಲಿ.

ಹೆಸರಾಂತ ಗ್ರೇಡಿಂಗ್ ಕಂಪನಿಗಳಾದ ಪಿಸಿಜಿಎಸ್ ಮತ್ತು ಎನ್‌ಜಿಸಿ ಎರಡೂ ಅಮೆರಿಕದವು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. 1911ರದ್ದು ಆ ಗಡಿ ದಾಟಿ ಎಷ್ಟೋ ಕಾಲವಾಯಿತು. ಹಾಗಾಗಿ ಇಲ್ಲಿ ಸುಮ್ನೆ ಕವರಿನಲ್ಲಿ ಹಾಕಿಟ್ಟ ನಾಣ್ಯ ಕೊಳ್ಳುವಾಗ, ಅದರ ಮೇಲೆ ಬರೆದ ‘ಯುಎನ್‌ಸಿ’ (ಚಲಾವಣೆಗೆ ಹೋಗದ್ದು) ಎನ್ನುವುದು ಮಾರುವವರ ಅಭಿಪ್ರಾಯ ಅಷ್ಟೇ. ನಾನು ಬರಹ ಮುಚ್ಚಿ ಮೊದಲು ನನ್ನ ಗ್ರೇಡ್ ಹಾಕಿಕೊಳ್ಳುತ್ತೇನೆ, ಆಮೇಲೆ ಬೆಲೆ ಕೇಳುತ್ತೇನೆ. ಕಿವಿಯ ಮೇಲೆ ಮಂಕು ಕಂಡರೆ ಅವರಿಗೆ ಬಲ್ಬಿನ ಕೆಳಗೆ ತೋರಿಸಿ, 58ರ ಬೆಲೆಗೆ ಕೊಡುತ್ತೀರಾ ಅಂತ ನೇರವಾಗಿ ಕೇಳುತ್ತೇನೆ. ಎಷ್ಟೋ ಮಂದಿ ಒಪ್ಪುತ್ತಾರೆ.