ಅಳು ಗೇಟಿನಲ್ಲಿ, ಕಾರಣ ಒಳಗೆ

ಹನುಮಂತನಗರದಿಂದ ಉತ್ತರಹಳ್ಳಿ ಕಡೆಗೆ ಮನೆ ಬದಲಿಸಿದಾಗ ಮಗಳಿಗೆ ಎರಡೂ ಮುಕ್ಕಾಲು ವರ್ಷ. ಹಳೆಯ ಬೀದಿಯ ಪ್ಲೇ ಹೋಂಗೆ ಒಗ್ಗಿಕೊಂಡಿದ್ದವಳನ್ನು ಜೂನ್‌ನಲ್ಲಿ ಹೊಸದಕ್ಕೆ ಸೇರಿಸಬೇಕಾಯಿತು. "ಇಷ್ಟು ಬೇಗ ಯಾಕಪ್ಪಾ? ನೀನು ಶಾಲೆಯ ಮುಖ ಕಂಡದ್ದೇ ಐದು ತುಂಬಿದ ಮೇಲೆ" ಎಂದರು ಅಮ್ಮ. ಮಾತು ಸರಿಯೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಬುನಾದಿ ಹಂತವನ್ನು ಲೆಕ್ಕ ಹಾಕುವುದು 3ನೇ ವಯಸ್ಸಿನಿಂದ. ಆದರೆ ಇಬ್ಬರೂ ದುಡಿಯುವ ಮನೆಯಲ್ಲಿ ಮಂಡಿನೋವಿನ ಅಮ್ಮನನ್ನು ದಿನವಿಡೀ ಮಗುವಿನ ಹಿಂದೆ ಓಡಿಸುವುದು ನ್ಯಾಯವಲ್ಲ.

ಪ್ಲೇ ಹೋಂ ನೋಡಲು ಹೋದಲ್ಲೆಲ್ಲ ಗೋಡೆಯ ಮೇಲಿನ ಜಿರಾಫೆ, ಸಿಸಿಟಿವಿ, ಮರಳಿನ ಗುಂಡಿ ತೋರಿಸುತ್ತಾರೆ. ನನ್ನ ಪ್ರಶ್ನೆ ಒಂದೇ ಇತ್ತು: ಮಗು ಅತ್ತರೆ ಏನು ಮಾಡುತ್ತೀರಿ? "ಪೋಷಕರನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ ಸರ್, ಅತ್ತು ಅತ್ತು ತಾವೇ ಸರಿಹೋಗುತ್ತಾರೆ" ಎಂದರು ಒಂದು ಕಡೆ. ನಮಸ್ಕಾರ ಹೇಳಿ ಹೊರಟೆವು. ಜರ್ಮನಿಯಲ್ಲಿ ಬರ್ಲಿನ್ ಮಾದರಿ ಎಂಬ ಪದ್ಧತಿಯಿದೆ. ಮೊದಲ 3 ದಿನ ತಾಯಿಯೋ ತಂದೆಯೋ ಮಗುವಿನ ಜೊತೆ ಕೋಣೆಯಲ್ಲೇ ಇರುತ್ತಾರೆ, ಬಿಟ್ಟುಹೋಗುವ ಮಾತೇ ಇಲ್ಲ. 4ನೇ ದಿನ ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುತ್ತಾರೆ. ಶಿಕ್ಷಕಿ ಎತ್ತಿಕೊಂಡಾಗ ಮಗು ಸಮಾಧಾನವಾದರೆ ಅವಧಿ ಹೆಚ್ಚುತ್ತದೆ, ಇಲ್ಲವಾದರೆ ಇನ್ನಷ್ಟು ನಿಧಾನ. ನಮ್ಮ ರಜೆಗಳ ಲೆಕ್ಕಕ್ಕೆ ಅದು ಪೂರ್ತಿ ಒಗ್ಗದು. ಕೊನೆಗೆ ಸೇರಿಸಿದ ಜಾಗದ ಹಿರಿಯ ಮಿಸ್ ಜೊತೆ ಚೌಕಾಸಿ ಮಾಡಿ, ಮೊದಲ ವಾರ ಅವರ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಲು ಒಪ್ಪಿಗೆ ಪಡೆದೆ.

ಬಿಟ್ಟು ಬರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹೆಂಡತಿಯ ಕುತ್ತಿಗೆಯನ್ನು ಮಗಳು ತಬ್ಬಿದರೆ ಬಿಡಿಸುವುದು ಯಾರಿಂದಲೂ ಆಗದು. ಸ್ಕೂಟರ್ ಬೇಡವೆಂದು ನಡೆದೇ ಹೋಗುತ್ತಿದ್ದೆವು. ದಾರಿಯಲ್ಲಿ ಎಳನೀರಿನ ಗಾಡಿ, ಹೂವಿನವರು, ಗಣೇಶನ ಗುಡಿಗೆ ಒಂದು ಕೈಮುಗಿತ. ಗೇಟಿಗೆ ಸ್ವಲ್ಪ ಮೊದಲೇ ಅವಳನ್ನು ಕೆಳಗಿಳಿಸುತ್ತಿದ್ದೆ. ಸೊಂಟದಿಂದ ಕಿತ್ತು ಮಿಸ್ ಕೈಗೆ ಕೊಟ್ಟರೆ ಮಗುವಿಗೆ ಅದು ಕಸಿದುಕೊಂಡಂತೆಯೇ. ಅತ್ತರೂ ಸರಿ, ತನ್ನ ಕಾಲಿನ ಮೇಲೆ ಒಳಗೆ ಹೋಗಲಿ. ಆಟದಲ್ಲಿ ಮುಳುಗಿದಾಗ ಮೆಲ್ಲಗೆ ಜಾರಿಕೊಳ್ಳಿ ಎಂದು ಹೇಳುವವರು ಬಹಳ. ನಾನು ಅದಕ್ಕೆ ಬದ್ಧ ವಿರೋಧಿ. ಹೇಳದೆ ಹೋದ ಅಪ್ಪನನ್ನು ಮಗು ಮರುದಿನ ಆಡುತ್ತಲೇ ಕಾವಲು ಕಾಯುತ್ತದೆ. ಹನ್ನೆರಡೂವರೆ ಎಂದರೆ ಅವಳಿಗೆ ತಿಳಿಯದು. ಹಾಗಾಗಿ ದಿನವೂ ಒಂದೇ ಮಾತು: "ಆಟ ಆಡು, ಹಾಡು ಹೇಳು, ಮೊಸರನ್ನ ತಿನ್ನು. ಡಬ್ಬಿ ತೊಳೆದ ಮೇಲೆ ಅಜ್ಜಿ ಬರುತ್ತಾರೆ." ಒಂದು ಮುತ್ತು ಕೊಟ್ಟು ಹೊರಟರೆ ತಿರುಗಿ ಹೋಗುವಂತಿಲ್ಲ. ಅಜ್ಜಿಯೂ ಗಂಟೆಗೆ ಮುಂಚೆಯೇ ಹೋಗಿ ಗೇಟಿನಲ್ಲಿ ನಿಲ್ಲುತ್ತಿದ್ದರು.

ಇಷ್ಟಾದರೂ ಅಳು ಕಡಿಮೆಯಾಗುವ ಬದಲು ಹೆಚ್ಚಿತು. ಮನೆಗೆ ಬಂದೊಡನೆ ಬಾತ್‌ರೂಮಿಗೆ ಓಡುತ್ತಾಳೆ, ಪ್ಲೇ ಹೋಂನಲ್ಲಿ ಒಮ್ಮೆಯೂ ಹೋಗುವುದಿಲ್ಲ ಎಂದು ಮೊದಲು ಗಮನಿಸಿದ್ದು ಅಮ್ಮ. ಭಾಷೆಯ ತೊಡಕಿರಬಹುದು ಎಂದುಕೊಂಡೆವು. ಅವಳ ಮಿಸ್‌ನ ಮನೆಮಾತು ಹಿಂದಿ, ಆಯಮ್ಮನದು ತೆಲುಗು. ಉಚ್ಚೆ, ಕಕ್ಕ, ಮಮ್ಮು, ಜೋಜೋ ಎಂದು ಅವಳು ಬಳಸುವ ಮಾತುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಆಯಮ್ಮ ನಕ್ಕು, "ಇದೆಲ್ಲ ನನಗೆ ಗೊತ್ತು ಸರ್, ಪಾಪು ಆ ಬಾಗಿಲ ಹತ್ತಿರವೇ ಬರುವುದಿಲ್ಲ" ಎಂದರು.

ಸುಳಿವು ಸಿಕ್ಕಿದ್ದು ಆಟದಲ್ಲಿ. ಸಂಜೆ ಸ್ಕೂಲಾಟ ಆಡುತ್ತಿದ್ದೆವು. ಅವಳು ಮಿಸ್, ನಾನು ಮತ್ತು ಬಟ್ಟೆಯ ಆನೆ ಮಕ್ಕಳು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಗದರಿಸುವುದರಲ್ಲಿ ಅವಳಿಗೆ ಬಲು ಖುಷಿ. ಆನೆಗೆ ಉಚ್ಚೆ ಬಂದಿದೆ ಎಂದೆ. ಆನೆಯನ್ನು ಸೋಫಾದ ಹಿಂದಕ್ಕೆ ಒಯ್ದವಳು "ಗುರ್ರ್" ಎಂದು ಗಂಟಲಲ್ಲೇ ಸದ್ದು ಮಾಡಿ, ಆನೆಯನ್ನು ಅಲ್ಲೇ ಎಸೆದು ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದಳು. ಮರುದಿನ ಹೋಗಿ ನೋಡಿದರೆ ಮಕ್ಕಳ ಬಾತ್‌ರೂಮಿನ ಗೋಡೆಯ ಆಚೆಗೇ ಸಂಪಿನ ಮೋಟರ್. ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಟ್ಯಾಂಕ್ ತುಂಬಿಸಲು ಅದನ್ನು ಹಾಕುತ್ತಿದ್ದರು. ನಮ್ಮ ಹಳೆಯ ಮನೆಯಲ್ಲಿ ಮಿಕ್ಸಿ ಹಾಕಿದರೂ ಅವಳು ಕೋಣೆ ಬಿಟ್ಟು ಹೋಗುತ್ತಿದ್ದಳು. ವಿಷಯ ತಿಳಿಸಿದ ಮೇಲೆ ಆಯಮ್ಮ ಮೋಟರನ್ನು ಮಕ್ಕಳು ಬರುವ ಮೊದಲೇ ಹಾಕಿ ಮುಗಿಸತೊಡಗಿದರು. ಅಷ್ಟೇ ಅಲ್ಲ, ಒಂದು ದಿನ ಅವಳನ್ನು ಎತ್ತಿಕೊಂಡು ಹೋಗಿ ಸ್ವಿಚ್ ತೋರಿಸಿ, ಅವಳ ಕೈಯಿಂದಲೇ ಅದನ್ನು ಆರಿಸಿದರು. ಇದು ನನಗಂತೂ ಹೊಳೆಯುತ್ತಿರಲಿಲ್ಲ. ಆ ವಾರವೇ ಗೇಟಿನ ಅಳು ಅರ್ಧಕ್ಕಿಳಿಯಿತು.

ಮನೆಗೆ ಬಂದ ಮೇಲಿನ ರಂಪ ಬೇರೆಯೇ ಅಧ್ಯಾಯ. ಅಲ್ಲಿ ಬಿಗಿಹಿಡಿದದ್ದೆಲ್ಲ ಇಲ್ಲಿ ಹೊರಬರುತ್ತದೆ. "ಏನು ಕಲಿತೆ, ಯಾರ ಜೊತೆ ಆಡಿದೆ?" ಎಂದು ಕೇಳುವ ಅಭ್ಯಾಸ ಬಿಟ್ಟು, ಊಟ ಮಾಡಿಸಿ ಮಲಗಿಸುತ್ತೇವೆ. ರಾತ್ರಿ ಎಂಟೂವರೆಗೆ ದೀಪ ಆರಲೇಬೇಕು. ಈ ವಯಸ್ಸಿನಲ್ಲಿ ಹಗಲಿನದೂ ಸೇರಿ 11 ಗಂಟೆಯಾದರೂ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿಗೆ ಯಾವ ಉಪಾಯವೂ ನಾಟುವುದಿಲ್ಲ.

ಸೋಮವಾರ ಈಗಲೂ ಸ್ವಲ್ಪ ಮುಖ ಸಣ್ಣದಾಗುತ್ತದೆ. ನೆಗಡಿ, ಜ್ವರವೆಂದು ಮನೆಯಲ್ಲಿದ್ದು ಹೊರಟರೆ ಮತ್ತೆ ಹಳೆಯ ರಾಗ. ದಸರಾ ರಜೆ ಹತ್ತಿರ ಬಂತು. ರಜೆಯ ಕೊನೆಯಲ್ಲಿ ಸಂಜೆ ಅದೇ ದಾರಿಯಲ್ಲಿ ಗೇಟಿನ ತನಕ ನಡೆದು ಬರುವುದೆಂದು ಮಾತಾಡಿಕೊಂಡಿದ್ದೇವೆ. ಶಾಲೆ ತೆರೆಯುವ ದಿನ ನನ್ನ ಮೀಟಿಂಗ್ ಹನ್ನೊಂದಕ್ಕೆ ಮೊದಲು ಬೇಡ ಎಂದು ಕಚೇರಿಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.