ಶುಗರ್ ಇದೆಯೇ ಎಂದು ಕೇಳುವುದನ್ನು ಬಿಟ್ಟೆ

ಗದಗಿನ ನನ್ನ ಹಲ್ಲಿನ ದವಾಖಾನೆಗೆ ರೋಣ, ಮುಂಡರಗಿ ಕಡೆಯ ಹಳ್ಳಿಗಳಿಂದ ಬರುವವರೇ ಹೆಚ್ಚು. ಮೊದಲೆಲ್ಲ ಹಲ್ಲು ಕೀಳುವ ಮುನ್ನ "ಶುಗರ್ ಇದೆಯೇ?" ಎಂದಷ್ಟೇ ಕೇಳುತ್ತಿದ್ದೆ. ರೋಣದ ಕಡೆಯ ಅವ್ವ ಒಬ್ಬರು "ಇಲ್ಲ" ಎಂದರು. ಅಲುಗಾಡುತ್ತಿದ್ದ ದವಡೆ ಹಲ್ಲನ್ನು ಕಿತ್ತೆ. ಹತ್ತು ದಿನ ಕಳೆದರೂ ಗಾಯ ಮಾಯಲಿಲ್ಲ. ಮತ್ತೆ ಬಂದಾಗ ಅವರ ಕೈಚೀಲದಲ್ಲಿ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಕಂಡಿತು. "ಮಾತ್ರೆ ನುಂಗುತ್ತೇನಲ್ಲ ಡಾಕ್ಟರೇ, ಈಗೆಲ್ಲಿಯ ಶುಗರ್?" ಎಂದರು. ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ರೀತಿಯೇ ತಪ್ಪಾಗಿತ್ತು.

ಅಂದಿನಿಂದ "ದಿನಾಲೂ ಯಾವ ಮಾತ್ರೆ ನುಂಗುತ್ತೀರಿ? ಚೀಟಿ ಇದ್ದರೆ ಕೊಡಿ" ಎನ್ನುತ್ತೇನೆ. ಮಾತ್ರೆಯೇ ಇಲ್ಲ ಎನ್ನುವವರ ವಸಡಿನಲ್ಲಿ ಕೀವಿದ್ದು, ಹಲವು ಹಲ್ಲುಗಳು ಒಟ್ಟಿಗೆ ಸಡಿಲಾಗಿದ್ದರೆ ಎಚ್‌ಬಿಎ1ಸಿ ಪರೀಕ್ಷೆಗೆ ಬರೆದುಕೊಡುತ್ತೇನೆ. ಅದು ಹಿಂದಿನ ಎರಡು–ಮೂರು ತಿಂಗಳ ಸಕ್ಕರೆಯ ಲೆಕ್ಕ. ಒಂದು ದಿನದ ಉಪವಾಸಕ್ಕೆ ಬದಲಾಗುವುದಿಲ್ಲ. ಮಧುಮೇಹದ ಗೆರೆಯಾದ ಶೇ 6.5 ದಾಟಿದ ಚೀಟಿ ಹಿಡಿದು, "ಹಲ್ಲು ತೋರಿಸಲು ಬಂದರೆ ಶುಗರ್ ಹಚ್ಚಿ ಕಳಿಸಿದಿರಲ್ಲ" ಎಂದು ಮುನಿಸಿಕೊಂಡವರೂ ಇದ್ದಾರೆ.

ಹತ್ತು ವರ್ಷದಿಂದ ಮಧುಮೇಹವಿರುವವರಿಗೂ ಕಣ್ಣು, ಕಿಡ್ನಿ, ಪಾದಗಳ ಎಚ್ಚರಿಕೆ ಗೊತ್ತು; ಬಾಯಿಯದು ಗೊತ್ತಿಲ್ಲ. ಹೆರಾಲ್ಡ್ ಲೋ ಎಂಬ ದಂತತಜ್ಞರು ವಸಡಿನ ರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆದದ್ದು 1993ರಲ್ಲಿ. ಇಷ್ಟು ವರ್ಷಗಳಾದರೂ ಆ ಮಾತು ನಮ್ಮ ಹಳ್ಳಿಗಳನ್ನು ಮುಟ್ಟಿಲ್ಲ ಎಂಬುದು ನನಗೆ ನಿಜಕ್ಕೂ ಸಂಕಟ.

ಸಕ್ಕರೆ ಏರಿದಾಗ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳ ಬಲ ಕುಗ್ಗುತ್ತದೆ, ವಸಡಿನ ಉರಿಯೂತ ಹೆಚ್ಚುತ್ತದೆ, ಹಲ್ಲನ್ನು ಹಿಡಿದ ಎಲುಬು ಕರಗುತ್ತದೆ. ಎರೆಮಣ್ಣು ಬಿರುಕು ಬಿಟ್ಟಾಗ ಬೇಲಿಯ ಗೂಟ ಸಡಿಲಾಗುವುದನ್ನು ನೆನಪಿಸಿದರೆ ರೈತರಿಗೆ ಥಟ್ಟನೆ ಹೊಳೆಯುತ್ತದೆ. ಇನ್ನೊಂದು ದಿಕ್ಕನ್ನು ನಂಬಿಸುವುದೇ ಕಷ್ಟ: ವಸಡಿನ ಉರಿಯೂತವೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬಂದು ಸಕ್ಕರೆಯನ್ನು ಏರಿಸುತ್ತದೆ. ಇದರ ಜೊತೆಗೆ ನಾನು ಇಲ್ಲಿಯೇ ಕಂಡದ್ದು ಊಟದ ಸಂಗತಿ. ಹಲ್ಲು ಅಲುಗಾಡತೊಡಗಿದರೆ ಮೊದಲು ತಟ್ಟೆಯಿಂದ ಹೋಗುವುದು ಕಡಕ್ ರೊಟ್ಟಿ, ಹಸಿ ಮೆಂತ್ಯ, ಸೌತೆಕಾಯಿ. ಆ ಜಾಗಕ್ಕೆ ಮೆತ್ತಗಿನ ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಬರುತ್ತವೆ. ಸಕ್ಕರೆ ಇನ್ನಷ್ಟು ಏರುತ್ತದೆ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ ಎಂಬ ಭಯ ಎಲ್ಲರಲ್ಲೂ ಇದೆ. ವಾದ ಮಾಡದೆ ಕೈಗೆ ಕನ್ನಡಿ ಕೊಡುತ್ತೇನೆ. ವಸಡು ಒತ್ತಿದಾಗ ಒಸರುವ ಕೀವನ್ನು, ಹಲ್ಲಿನ ಬುಡಕ್ಕೆ ಕಲ್ಲಿನಂತೆ ಅಂಟಿದ ಕೊಳೆಯನ್ನು ಅವರೇ ನೋಡಲಿ. ಚಿಕಿತ್ಸೆಯ ದಿನ ತಿಂಡಿ ತಿಂದು, ಮಾತ್ರೆ ನುಂಗಿ, ಬೆಳಿಗ್ಗೆಯೇ ಬರಲು ಒತ್ತಿ ಹೇಳುತ್ತೇನೆ. ಬರಿಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲಿಯೇ ಸಕ್ಕರೆ ಕುಸಿದು ಬೆವರುವವರನ್ನು ಕಂಡಿದ್ದೇನೆ. ವಸಡು ವಾಸಿಯಾದರೆ ಎಚ್‌ಬಿಎ1ಸಿ ಸ್ವಲ್ಪ ಇಳಿಯಬಹುದು, ಆದರೆ ಮಾತ್ರೆ ಬಿಡಬೇಡಿ ಎಂದೂ ಹೇಳುತ್ತೇನೆ.

ಆ ಅವ್ವನ ಉಳಿದ ಹಲ್ಲುಗಳನ್ನು ನಾಲ್ಕು ಬಾರಿ ಕರೆಸಿ ಆಳಕ್ಕೆ ಸ್ವಚ್ಛಗೊಳಿಸಿದೆ. ರಕ್ತ ಒಸರುವುದು ನಿಂತಿದೆ. ಕರಗಿದ ಎಲುಬು ಮೊದಲಿನಂತಾಗುವುದಿಲ್ಲ ಎಂದು ತಿಳಿಸಿದ್ದೇನೆ. "ರೊಟ್ಟಿ ತಿನ್ನಬಹುದೇ?" ಎಂದು ಕೇಳಿದರು. ಕಡಕ್ ರೊಟ್ಟಿ ಸದ್ಯಕ್ಕೆ ಬೇಡ, ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ತಿನ್ನಿ ಎಂದೆ. ಮೂರು ತಿಂಗಳ ನಂತರ ಮತ್ತೆ ಬರುತ್ತಾರೆ.